ಸಂದು

ಒಂದು ವಸ್ತುವಿನ ವಿಚಾರವಾಗಿ ಯಾರಾದರೂ ಕೇಳಿದರೆ ನಾವು ಅದರ ಆಕಾರ, ತೂಕ, ಬಣ್ಣ, ಬೆಲೆ ಇವುಗಳನ್ನು ಹೇಳುತ್ತೇವೆ. ಎರಡು ವಸ್ತುಗಳ ನಡುವೆ ಏನಿದೆಯೆಂದು ಕೇಳಿದರೆ ‘ಏನೂ ಇಲ್ಲ’ ಎಂದುಬಿಡುತ್ತೇವೆ. ಈ ‘ಏನೂ ಇಲ್ಲ’ ಎಂಬುದಕ್ಕೆ ನಮ್ಮ ದೇಹದಲ್ಲಿಯೂ ದ್ರವ್ಯಗಳಲ್ಲಿಯೂ ಮಾತಿನಲ್ಲಿಯೂ ಎಷ್ಟು ಕೆಲಸವಿದೆಯೆಂಬುದನ್ನು ವಿಚಾರಮಾಡುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಹೆಸರುಗಳನ್ನು ನೋಡೋಣ. ಇಲ್ಲದ ಪದಾರ್ಥಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಗೋಡೆ ತಾನಾಗಿ ಒಡೆದರೆ ಬಿರುಕು. ಬೆಳಕಿಗಾಗಿ ಬೇಕೆಂದೇ ಬಿಟ್ಟರೆ ಕಿಂಡಿ. ಬೇಲಿಯಲ್ಲಿ ದನ ನುಗ್ಗುವಷ್ಟಾದರೆ ಕಂಡಿ. ಎರಡು ಮನೆಗಳ ನಡುವೆ ಒಬ್ಬನೇ ನುಸುಳುವಷ್ಟಾದರೆ ಸಂದಿ. ಹಲ್ಲಿಗೂ ಹಲ್ಲಿಗೂ ನಡುವೆ ಸಂದು. ಕೆಲಸಕ್ಕೂ ಕೆಲಸಕ್ಕೂ ನಡುವೆ ಬಿಡುವು. ಮಲೆನಾಡಿನವರಿಗೆ ಮಳೆಗೂ ಮಳೆಗೂ ನಡುವೆ ಹೊಳವು. ಇವುಗಳಲ್ಲಿ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಬಳಸಿದರೆ ಕನ್ನಡ ಬಲ್ಲವರು ಒಡನೆಯೇ ತಿದ್ದುತ್ತಾರೆ. ಆದಕಾರಣ ನಮ್ಮ ಜನರು ಎಡೆಗಳನ್ನು ಗಮನಿಸಿಲ್ಲವೆಂದು ಹೇಳಲಾಗದು. ಅವುಗಳ ಜಾತಿಭೇದವನ್ನು ಕೂಡ ಅವರು ಬಲ್ಲರು.

ಈ ಪೈಕಿ ಸಂದು, ಸಂದಿ ಎಂಬ ಮಾತುಗಳು ವಿಶೇಷವಾಗಿ ಗಮನಿಸತಕ್ಕವು. ಇವು ಸಂಸ್ಕೃತದ ಸಂಧಿ ಎಂಬ ಶಬ್ದದ ತದ್ಭವಗಳು. ಸಂಧಿಯೆಂದರೆ ಕೂಡುವಿಕೆ. ಅರಸರು ಒಪ್ಪಂದ ಮಾಡಿಕೊಂಡರೆ ಸಂಧಿ, ಎರಡು ಅಕ್ಷರಗಳು ಕೂಡಿದರೆ ಸಂಧಿ, ಹಗಲೂ ಇರುಳೂ ಕೂಡುವ ಹೊತ್ತು ಸಂಧ್ಯೆ. ಹೀಗಿದ್ದರೂ ಅದೇ ಶಬ್ದಕ್ಕೆ ಬಿಟ್ಟ ಜಾಗ ಎಂಬ ಅರ್ಥವೂ ಅಂಟಿಕೊಂಡಿದೆ. ಸಂಸ್ಕೃತದಲ್ಲಿಯೇ ಕಳ್ಳನು ಗೋಡೆಗೆ ಕೊರೆಯುವ ಕನ್ನಕ್ಕೆ ಸಂಧಿ ಎಂಬ ಹೆಸರುಂಟು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದ ಹೆಸರೇ ‘ಸಂಧಿಚ್ಛೇದ’. ‘ಸಂದುಸಂದೂ ನೋಯುತ್ತದೆ’ ಎನ್ನುವ ಅಜ್ಜಿಯು ಮೂಳೆಗಳು ಕೂಡಿದ ಸ್ಥಾನವನ್ನು ಹೇಳುತ್ತಾಳೆ. ‘ಬಾಗಿಲ ಸಂದಿನಲ್ಲಿ ಬೆರಳು ಸಿಕ್ಕಿತು’ ಎಂದು ಅಳುವ ಮೊಮ್ಮಗನು ಹಲಗೆಗಳು ಬಿಟ್ಟುಕೊಂಡ ಸ್ಥಾನವನ್ನು ಹೇಳುತ್ತಾನೆ. ಕೂಡಿದ್ದಕ್ಕೂ ಬಿಟ್ಟದ್ದಕ್ಕೂ ಒಂದೇ ಹೆಸರು. ಇದು ಭಾಷೆಯ ಅಜಾಗರೂಕತೆಯೆಂದು ತೋರಬಹುದು. ಆದರೆ ಎರಡು ವಸ್ತುಗಳು ಪ್ರಯೋಜನಕರವಾಗಿ ಕೂಡಬೇಕಾದರೆ ಅವುಗಳ ನಡುವೆ ತಕ್ಕ ಅಳತೆಯ ಎಡೆಯೊಂದು ಉಳಿದಿರಲೇಬೇಕೆಂಬ ಸಂಗತಿಯನ್ನು ಅಂಗರಚನಾಶಾಸ್ತ್ರ, ರಸಾಯನಶಾಸ್ತ್ರ ಎರಡೂ ಸಮರ್ಥಿಸುತ್ತವೆ.

ಮನುಷ್ಯನ ಬಾಳಿನ ಮೊದಲ ದಿನದಿಂದಲೇ ಆರಂಭಿಸೋಣ. ಹಸುಗೂಸಿನ ತಲೆಯನ್ನು ಸವರಿದವರಿಗೆಲ್ಲ ನೆತ್ತಿಯ ಮೇಲಿನ ಮೆತ್ತನೆಯ ಜಾಗವು ಗೊತ್ತು. ‘ನೆತ್ತಿ ಇನ್ನೂ ಕೂಡಿಲ್ಲ, ಜೋಕೆ’ ಎಂದು ಹಿರಿಯ ಹೆಂಗಸರು ಎಚ್ಚರಿಸುತ್ತಾರೆ. ತಲೆಬುರುಡೆಯು ಒಂದೇ ಮೂಳೆಯಲ್ಲ. ಹಲವು ಮೂಳೆಗಳ ಕೂಟ. ಹುಟ್ಟುವಾಗ ಅವುಗಳ ಅಂಚುಗಳು ಬೆಸೆದುಕೊಂಡಿರುವುದಿಲ್ಲ. ನಡುವೆ ಗಟ್ಟಿಯಾದ ಪೊರೆ ಮಾತ್ರ ಇರುತ್ತದೆ. ಹೆರಿಗೆಯ ಸಮಯದಲ್ಲಿ ಈ ಮೂಳೆಗಳು ಒಂದರ ಮೇಲೊಂದು ತುಸು ಜರುಗಿ, ಇಕ್ಕಟ್ಟಾದ ದಾರಿಯಲ್ಲಿ ಮಗುವಿನ ತಲೆಯು ಹಾದುಬರಲು ಅನುವು ಮಾಡಿಕೊಡುತ್ತವೆ. ಅನಂತರ ಮಿದುಳು ಮೊದಲ ಒಂದು ವರ್ಷದಲ್ಲಿಯೇ ಸುಮಾರು ಇಮ್ಮಡಿಯಾಗಿ ಬೆಳೆಯುತ್ತದೆ. ಆ ಬೆಳವಣಿಗೆಗೆ ಸ್ಥಳ ಒದಗುವುದು ಈ ಸಂದುಗಳು ತೆರೆದಿರುವುದರಿಂದಲೇ. ಮುಂದಲೆಯ ಮೆತ್ತನೆಯ ಜಾಗವು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಮುಚ್ಚಿಕೊಳ್ಳುತ್ತದೆ. ಮೂಳೆಗಳ ಸಂದುಗಳು ಅಕಾಲದಲ್ಲಿ ಬೆಸೆದುಹೋದರೆ ತಲೆಯು ವಿಕಾರವಾಗಿ ಬೆಳೆಯುತ್ತದೆ. ಮಿದುಳಿಗೆ ಒತ್ತಡವುಂಟಾಗುವ ಭಯವೂ ಇದೆ. ಆಗ ವೈದ್ಯರು ಶಸ್ತ್ರದಿಂದ ಆ ಎಡೆಯನ್ನು ಪುನಃ ಬಿಡಿಸಬೇಕಾಗುತ್ತದೆ. ಇದಲ್ಲದೆ ವಾಂತಿಭೇದಿಯಿಂದ ಮಗುವಿನ ಮೈಯ ನೀರು ಬತ್ತಿದರೆ ನೆತ್ತಿಯು ಒಳಕ್ಕೆ ಕುಸಿಯುತ್ತದೆ. ಮಿದುಳಿನ ಪೊರೆಗೆ ಉರಿಯೂತ ಬಂದರೆ ಉಬ್ಬುತ್ತದೆ. ಮಾತು ಬಾರದ ಕೂಸಿನ ಅಪಾಯವನ್ನು ತಾಯಿಯ ಅಂಗೈಗೆ ತಿಳಿಸುವ ಗುರುತು, ಮೂಳೆಯಿಲ್ಲದ ಆ ಎರಡು ಬೆರಳಗಲದ ಜಾಗವೇ ಆಗಿದೆ.

ದೊಡ್ಡವರ ದೇಹದಲ್ಲಿಯೂ ಇಂಥ ಎಡೆಗಳು ಅನೇಕವಿವೆ. ಮಂಡಿಯ ಕೀಲಿನಲ್ಲಿ ಮೂಳೆಯ ತುದಿಗಳು ನೇರವಾಗಿ ಒಂದನ್ನೊಂದು ಉಜ್ಜುವುದಿಲ್ಲ. ಅವುಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಹೊದಿಕೆಗಳ ನಡುವಣ ಸಂದಿನಲ್ಲಿ ಮೊಟ್ಟೆಯ ಬಿಳಿಯಂತಹ ಜಿಗುಟಾದ ದ್ರವವು ಕೆಲವೇ ಹನಿಗಳಷ್ಟು ಇರುತ್ತದೆ. ಇದನ್ನು ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಗೆ ಹೋಲಿಸುವುದುಂಟು. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯದು. ಬೆಳೆದವರ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಹಾರವು ಬಹುಮಟ್ಟಿಗೆ ಈ ದ್ರವದಿಂದಲೇ ಒದಗಬೇಕು. ನಾವು ನಡೆಯುವಾಗ ಮೃದ್ವಸ್ಥಿಯು ಅದುಮಿ ಬಿಡುವುದರಿಂದ ದ್ರವವು ಒಳಕ್ಕೂ ಹೊರಕ್ಕೂ ಚಲಿಸುತ್ತದೆ. ಅಂದಮೇಲೆ ಆ ಸಂದು ಕೀಲಿನ ಅಡಿಗೆಮನೆಯೆಂದರೂ ಸಲ್ಲುತ್ತದೆ.

ಇನ್ನು ಎದೆಯೊಳಗಣ ಎಡೆಯೊಂದು ಇನ್ನೂ ವಿಚಿತ್ರವಾದದ್ದು. ಶ್ವಾಸಕೋಶವನ್ನು ಹೊದ್ದಿರುವ ಪೊರೆ ಒಂದು, ಎದೆಗೂಡಿನ ಒಳಗೋಡೆಯನ್ನು ಹೊದ್ದಿರುವ ಪೊರೆ ಇನ್ನೊಂದು. ಇವೆರಡರ ನಡುವೆ ಒಂದೆರಡು ಚಮಚೆಯಷ್ಟು ದ್ರವವು ತೆಳುವಾಗಿ ಹರಡಿಕೊಂಡಿರುವುದಲ್ಲದೆ ಬೇರೇನೂ ಇಲ್ಲ. ಎರಡು ಗಾಜಿನ ಹಲಗೆಗಳ ನಡುವೆ ಒಂದು ತೊಟ್ಟು ನೀರು ಹಾಕಿ ಒತ್ತಿದರೆ ಅವು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಎಳೆದು ಬೇರ್ಪಡಿಸುವುದು ಮಾತ್ರ ಕಷ್ಟ. ಎದೆಯಲ್ಲಿ ನಡೆಯುವುದೂ ಹೆಚ್ಚುಕಡಮೆ ಹೀಗೆಯೇ. ಆ ಎಡೆಯೊಳಗಣ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಮೆಯಾಗಿರುವುದರಿಂದ ಎದೆಗೂಡು ಹಿಗ್ಗಿದಾಗ ಶ್ವಾಸಕೋಶವೂ ಅದರೊಡನೆ ಹಿಗ್ಗುತ್ತದೆ. ಅಪಘಾತದಲ್ಲಿ ಪಕ್ಕೆಲುಬು ಚುಚ್ಚಿಯೋ, ಇರಿತದಿಂದಲೋ ಆ ಎಡೆಗೆ ಗಾಳಿ ನುಗ್ಗಿತೆಂದರೆ ಹಿಡಿತವು ತಪ್ಪಿ, ಶ್ವಾಸಕೋಶವು ತನ್ನ ಸ್ಥಿತಿಸ್ಥಾಪಕ ಗುಣದಿಂದಲೇ ಕುಗ್ಗಿಬಿಡುತ್ತದೆ. ವೈದ್ಯರು ಕೊಳವೆಯಿಟ್ಟು ಆ ಗಾಳಿಯನ್ನು ಹೊರತೆಗೆದು, ಎಡೆಯನ್ನು ಮೊದಲಿನ ಅಳತೆಗೆ ತರುತ್ತಾರೆ. ನಮ್ಮ ಒಂದೊಂದು ಉಸಿರೂ ಹಾಳೆಗಿಂತ ತೆಳುವಾದ ಈ ಸಂದನ್ನು ನಂಬಿಕೊಂಡಿದೆ.

ದೇಹದ ಸಂದುಗಳಲ್ಲಿ ಬಹಳ ಕಿರಿದಾದದ್ದೂ ಬಹಳ ಮಹತ್ವವುಳ್ಳದ್ದೂ ಆದ ಒಂದು, ನರಕೋಶಗಳ ನಡುವಣ ಸಂದು. ನರಗಳೆಲ್ಲ ಬಲೆಯಂತೆ ಒಂದಕ್ಕೊಂದು ಅಖಂಡವಾಗಿ ಹೆಣೆದುಕೊಂಡಿವೆಯೆಂದು ಇಟಲಿಯ ಗಾಲ್ಜಿ ಎಂಬ ವಿದ್ವಾಂಸನು ವಾದಿಸಿದನು. ಪ್ರತಿಯೊಂದು ನರಕೋಶವೂ ಬೇರೆಬೇರೆ, ಅವು ಮುಟ್ಟುವಷ್ಟು ಸಮೀಪಕ್ಕೆ ಬಂದರೂ ಒಂದರಲ್ಲೊಂದು ಬೆರೆಯುವುದಿಲ್ಲವೆಂದು ಸ್ಪೇನಿನ ಕಹಾಲ್ ಎಂಬಾತನು ಹೇಳಿದನು. ೧೯೦೬ರಲ್ಲಿ ನೊಬೆಲ್ ಪಾರಿತೋಷಕವನ್ನು ಇಬ್ಬರಿಗೂ ಹಂಚಿದರು; ಅಭಿಪ್ರಾಯಗಳು ಮಾತ್ರ ಕೂಡಲಿಲ್ಲ. ೧೯೫೦ರ ಬಳಿಕ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಸಂದನ್ನು ಕಣ್ಣಿಗೆ ತೋರಿಸಿಕೊಟ್ಟು ಕಹಾಲನ ಪಕ್ಷವನ್ನು ಎತ್ತಿಹಿಡಿಯಿತು. ಅದರ ಅಗಲ ಒಂದು ಮಿಲಿಮೀಟರಿನ ೫೦,೦೦೦ದಲ್ಲಿ ಒಂದು ಪಾಲಿನಷ್ಟು. ಈ ಸಂಧಿಸ್ಥಾನಕ್ಕೆ ೧೮೯೭ರಲ್ಲಿಯೇ ಇಂಗ್ಲೆಂಡಿನ ಷೆರಿಂಗ್‌ಟನ್ ಕೊಟ್ಟಿದ್ದ ಹೆಸರು ‘ಸಿನಾಪ್ಸ್’. ಗ್ರೀಕ್ ಮೂಲದ ಈ ಶಬ್ದಕ್ಕೆ ಒಟ್ಟಾಗಿ ಹಿಡಿದುಕೊಳ್ಳುವುದು, ಕೂಡಿಸುವುದು ಎಂದು ಅರ್ಥ. ನಮ್ಮ ‘ಸಂದು’ ಎಂಬ ಮಾತಿನ ಹಾದಿಯನ್ನೇ ಆ ವಿಜ್ಞಾನಿಯ ಮಾತೂ ಹಿಡಿಯಿತು.

ನರದಲ್ಲಿ ವಿದ್ಯುತ್ತಿನ ರೂಪದಲ್ಲಿ ಓಡಿಬಂದ ಸುದ್ದಿಯು ಈ ಹೊಳೆಯನ್ನು ದಾಟುವುದು ಹೇಗೆ? ೧೯೨೧ರಲ್ಲಿ ಆಟೊ ಲೊಯ್ವಿ ಎಂಬಾತನು ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು ಬೇರೆಬೇರೆ ಲವಣದ್ರವದಲ್ಲಿ ಇಟ್ಟನು. ಒಂದರ ನರವನ್ನು ಪ್ರಚೋದಿಸಿದಾಗ ಅದರ ಬಡಿತವು ನಿಧಾನವಾಯಿತು. ಆ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ, ನರವನ್ನು ಮುಟ್ಟದೆಯೇ ಅದೂ ನಿಧಾನವಾಯಿತು. ಸುದ್ದಿಯನ್ನು ದಾಟಿಸುವ ಅಂಬಿಗನು ಒಂದು ರಾಸಾಯನಿಕ ದ್ರವ್ಯವೆಂದು ಇದರಿಂದ ಸಿದ್ಧವಾಯಿತು. ಅದರ ಹೆಸರು ಅಸಿಟೈಲ್‌ಕೋಲಿನ್. ಲೊಯ್ವಿಗೂ ಹೆನ್ರಿ ಡೇಲ್ ಎಂಬಾತನಿಗೂ ೧೯೩೬ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅಂಬಿಗನು ದಾಟಿದ ಮೇಲೆ ಹೊಳೆಯಲ್ಲಿ ನಿಲ್ಲಕೂಡದು; ನಿಂತರೆ ಮುಂದಿನ ಸುದ್ದಿಗೆ ದಾರಿಯಿಲ್ಲ. ಆದಕಾರಣ ಆ ಸಂದಿನಲ್ಲಿಯೇ ಕಿಣ್ವವೊಂದು ಕಾದಿದ್ದು, ಕೆಲಸ ಮುಗಿಸಿದ ಅಸಿಟೈಲ್‌ಕೋಲಿನನ್ನು ಕ್ಷಣಾರ್ಧದಲ್ಲಿ ಒಡೆದುಹಾಕುತ್ತದೆ.

ಈ ಸಂಗತಿಯು ಪಂಡಿತರಿಗೆ ಮಾತ್ರ ಬೇಕಾದದ್ದೆಂದು ತಿಳಿಯಬಾರದು. ಹೊಲಗಳಿಗೆ ಸಿಂಪಡಿಸುವ ಕ್ರಿಮಿನಾಶಕಗಳಲ್ಲಿ ಆರ್ಗ್ಯಾನೊಫಾಸ್ಫೇಟ್ ಎಂಬ ಜಾತಿಯವು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕೀಟವು ಸಾಯುವುದು ಅದರಿಂದಲೇ. ಮನುಷ್ಯನು ಸಾಯುವುದೂ ಅದರಿಂದಲೇ. ಸಂದು ತೆರವಾಗದೆ ಉಳಿಯುವುದರಿಂದ ಸುದ್ದಿಯು ನಿಲ್ಲದೆ ಬಡಿಯುತ್ತಲೇ ಇರುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಕಣ್ಣಿನ ಪಾಪೆಯು ಸೂಜಿಮೊನೆಯಷ್ಟಾಗುತ್ತದೆ. ಮಾಂಸಖಂಡಗಳು ಅದುರಿ ಅದುರಿ ಕೊನೆಗೆ ಸೋತು, ಉಸಿರಾಟವೇ ನಿಲ್ಲುವ ಸಂಭವವುಂಟು. ಈ ವಿಷವು ಚರ್ಮದ ಮೂಲಕವೂ ಒಳಸೇರಬಲ್ಲದು. ಆದುದರಿಂದ ಬರಿಮೈಯಲ್ಲಿ ಸಿಂಪಡಿಸುವುದು, ಗಾಳಿಗೆ ಎದುರಾಗಿ ನಿಲ್ಲುವುದು, ಖಾಲಿಯಾದ ಡಬ್ಬಿಯನ್ನು ಮನೆಬಳಕೆಗೆ ಇಟ್ಟುಕೊಳ್ಳುವುದು ಇವೆಲ್ಲ ಪ್ರಾಣದೊಡನೆ ಆಡುವ ಆಟ. ವಿಷ ತಗಲಿದ ಬಟ್ಟೆಯನ್ನು ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಸೇರಿಸಿದರೆ ಅಟ್ರೊಪೀನ್ ಮೊದಲಾದ ಮದ್ದುಗಳಿಂದಲೂ ಉಸಿರಾಟಕ್ಕೆ ನೆರವಾಗುವ ಯಂತ್ರದಿಂದಲೂ ಅನೇಕರನ್ನು ಉಳಿಸಬಹುದು. ನಗರವಾಸಿಗಳಾದ ನಮಗೂ ಹಳ್ಳಿಯಲ್ಲಿ ಹೊಲವೂ ನಂಟರೂ ಇರುವುದರಿಂದ ಈ ಮಾತನ್ನು ಅಲ್ಲಿಗೆ ಮುಟ್ಟಿಸುವ ಹೊಣೆ ನಮ್ಮದೂ ಆಗಿದೆ.

ದೇಹದಿಂದ ಜಡದ್ರವ್ಯಗಳಿಗೆ ಬಂದರೆ ಅಲ್ಲಿಯೂ ಇದೇ ನ್ಯಾಯವು ಕಾಣುತ್ತದೆ. ಒಂದು ಸೇರು ಕಡಲೆಯನ್ನೂ ಒಂದು ಸೇರು ರಾಗಿಯನ್ನೂ ಬೆರೆಸಿ ಅಳೆದರೆ ಎರಡು ಸೇರು ತುಂಬುವುದಿಲ್ಲ. ರಾಗಿಯು ಕಡಲೆಯ ಸಂದುಗಳಲ್ಲಿ ಇಳಿದುಬಿಡುತ್ತದೆ. ೫೦ ಮಿಲಿಲೀಟರ್ ನೀರಿಗೆ ೫೦ ಮಿಲಿಲೀಟರ್ ಶುದ್ಧ ಆಲ್ಕೊಹಾಲ್ ಸೇರಿಸಿದರೂ ೧೦೦ ಆಗುವುದಿಲ್ಲ. ಸುಮಾರು ೯೬ರಿಂದ ೯೭ ಮಾತ್ರ. ತೂಕದಲ್ಲಿ ಕಿಂಚಿತ್ತೂ ನಷ್ಟವಿಲ್ಲ. ಎರಡು ದ್ರವಗಳ ಅಣುಗಳು ಪರಸ್ಪರ ಆಕರ್ಷಿಸಿಕೊಂಡು, ಬೇರೆಬೇರೆಯಾಗಿದ್ದಾಗ ಬಿಟ್ಟಿದ್ದಷ್ಟು ಎಡೆಯನ್ನು ಬಿಡದೆ ಒತ್ತಾಗಿ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ.

ನೀರು ಹೆಪ್ಪುಗಟ್ಟಿದಾಗ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಮಂಜುಗಡ್ಡೆಯಲ್ಲಿ ಪ್ರತಿಯೊಂದು ನೀರಿನ ಅಣುವೂ ನಾಲ್ಕು ನೆರೆಯ ಅಣುಗಳನ್ನು ಕೈಹಿಡಿದು, ತಮ್ಮತಮ್ಮ ನಡುವೆ ಸಾಕಷ್ಟು ಬಯಲನ್ನು ಬಿಟ್ಟು ನಿಲ್ಲುತ್ತದೆ. ಆದುದರಿಂದ ೧೦೦ ಪಾಲು ನೀರು ಸುಮಾರು ೧೦೯ ಪಾಲು ಮಂಜುಗಡ್ಡೆಯಾಗಿ ಹಿಗ್ಗುತ್ತದೆ, ನೀರಿಗಿಂತ ಹಗುರವಾಗಿ ತೇಲುತ್ತದೆ. ಶೀತದೇಶಗಳ ಸರೋವರಗಳಲ್ಲಿ ಚಳಿಗಾಲದಲ್ಲಿ ಮೇಲ್ಭಾಗವು ಗಡ್ಡೆಕಟ್ಟಿ ಹೊದಿಕೆಯಾಗುತ್ತದೆ. ಅಡಿಯಲ್ಲಿ ಸುಮಾರು ೪ ಡಿಗ್ರಿ ಸೆಂಟಿಗ್ರೇಡಿನ ನೀರು ಉಳಿದು ಮೀನುಗಳು ಬದುಕಿಕೊಳ್ಳುತ್ತವೆ. ಮಂಜುಗಡ್ಡೆಯ ಅಣುಗಳು ಒತ್ತೊತ್ತಾಗಿ ನಿಂತಿದ್ದರೆ ಅದು ಮುಳುಗಿ, ಸರೋವರವು ತಳದಿಂದಲೇ ಗಡ್ಡೆಗಟ್ಟುತ್ತಿತ್ತು.

ಕಬ್ಬಿಣವು ಉಕ್ಕಾಗುವುದೂ ಎಡೆಯ ಮಹಿಮೆಯಿಂದಲೇ. ಕಬ್ಬಿಣದ ಪರಮಾಣುಗಳು ಸಾಲುಸಾಲಾಗಿ ನಿಂತಿರುವಾಗ ಅವುಗಳ ಸಂದುಗಳಲ್ಲಿ ಇಂಗಾಲದ ಸಣ್ಣ ಪರಮಾಣುಗಳು ಸೇರಿಕೊಳ್ಳಬಲ್ಲವು. ೯೧೨ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಕ್ಕೆ ಕಾದಾಗ ಶುದ್ಧ ಕಬ್ಬಿಣದ ಪರಮಾಣುಗಳು ತಮ್ಮ ಸಾಲನ್ನು ಬದಲಾಯಿಸುತ್ತವೆ. ತಣ್ಣಗಿದ್ದಾಗ, ಪರಮಾಣುಗಳನ್ನು ಗುಂಡುಗಳೆಂದು ಎಣಿಸಿದರೆ, ೧೦೦ರಲ್ಲಿ ೩೨ ಪಾಲು ಬಯಲು. ಕಾದ ಬಳಿಕ ೨೬ ಪಾಲು ಮಾತ್ರ. ಬಯಲು ಕಡಮೆಯಾದರೂ ಇಂಗಾಲಕ್ಕೆ ಒದಗುವ ಸ್ಥಳ ಹೆಚ್ಚುತ್ತದೆ. ಏಕೆಂದರೆ ಮೊದಲು ಚೂರುಚೂರಾಗಿ ಚದರಿದ್ದ ಬಯಲು ಈಗ ಕೆಲವೇ ದೊಡ್ಡ ಸಂದುಗಳಾಗಿ ಒಟ್ಟುಗೂಡುತ್ತದೆ. ಕಾದ ಕಬ್ಬಿಣವು ತೂಕದಲ್ಲಿ ೧೦೦ಕ್ಕೆ ೨ ಪಾಲಿನವರೆಗೆ ಇಂಗಾಲವನ್ನು ಒಳಗೊಳ್ಳಬಲ್ಲದು. ತಣ್ಣನೆಯ ಸಾಲಿನಲ್ಲಿ ೫,೦೦೦ಕ್ಕೆ ಒಂದು ಪಾಲಿಗೂ ಸ್ಥಳವಿಲ್ಲ. ಕಮ್ಮಾರನು ಕೆಂಪಗೆ ಕಾದ ಕುಡುಗೋಲನ್ನು ಥಟ್ಟನೆ ನೀರಿನಲ್ಲಿ ಅದ್ದಿದಾಗ ಇಂಗಾಲಕ್ಕೆ ಹೊರಬರಲು ಸಮಯ ಸಿಗುವುದಿಲ್ಲ. ಕಿರಿದಾದ ಸಂದಿನಲ್ಲಿ ಸಿಕ್ಕಿಬಿದ್ದ ಇಂಗಾಲವು ಸಾಲುಗಳನ್ನು ಬಿಗಿದು ಜಾರದಂತೆ ಮಾಡುವುದರಿಂದಲೇ ಅಲಗಿಗೆ ಕಾಠಿಣ್ಯ ಬರುತ್ತದೆ. ಆದರೆ ಅತಿ ಬಿಗಿಯಾದ ಅಲಗು ಪೆಡಸಾಗಿ ಮುರಿಯುತ್ತದೆ. ಅದಕ್ಕಾಗಿ ಕಮ್ಮಾರನು ಅದನ್ನು ಮತ್ತೆ ಹಿತವಾಗಿ ಕಾಸಿ ಹದಗೊಳಿಸುತ್ತಾನೆ. ದಕ್ಷಿಣ ಭಾರತದ ಮೂಸೆಯುಕ್ಕು ಒಂದು ಕಾಲಕ್ಕೆ ಪ್ರಪಂಚದಲ್ಲಿ ಪ್ರಸಿದ್ಧವಾಗಿತ್ತು; ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಅದನ್ನು ತಯಾರಿಸುವ ಕ್ರಮವನ್ನು ವರ್ಣಿಸಿದ್ದಾನೆ. ಯೂರೋಪಿನವರು ಅದನ್ನು ಕರೆದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬುದರಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಕೊನೆಗೆ ಮಾತಿನ ಸಂದುಗಳು. ಎರಡು ಸ್ವರಗಳು ಎದುರಾದಾಗ ಬಾಯಿಗೆ ಒಂದು ತೊಡಕುಂಟಾಗುತ್ತದೆ. ಕನ್ನಡವು ಕೆಲವೆಡೆ ಒಂದು ಸ್ವರವನ್ನು ಬಿಟ್ಟುಕೊಡುತ್ತದೆ: ಊರು, ಅಲ್ಲಿ ಎಂಬುವು ಕೂಡಿ ‘ಊರಲ್ಲಿ’ ಆಗುತ್ತದೆ. ಕೆಲವೆಡೆ ನಡುವೆ ಹೊಸ ಅಕ್ಷರವನ್ನು ತರುತ್ತದೆ: ಮನೆ, ಅಲ್ಲಿ ಎಂಬುವು ‘ಮನೆಯಲ್ಲಿ’ ಆಗುತ್ತದೆ. ಈ ಯಕಾರವು ಕೀಲಿನ ಸಂದಿನಲ್ಲಿರುವ ದ್ರವದಂತೆ. ತನಗೆ ಸ್ವಂತ ಅರ್ಥವಿಲ್ಲದಿದ್ದರೂ ಎರಡು ತುದಿಗಳು ಉಜ್ಜದಂತೆ ಕಾಯುತ್ತದೆ. ಇನ್ನು ಕೆಲವೆಡೆ ಸಂಧಿ ಮಾಡಲೇಕೂಡದೆಂದು ವ್ಯಾಕರಣವು ವಿಧಿಸುತ್ತದೆ. ‘ಅಮ್ಮಾ ಇಲ್ಲಿ ನೋಡು’ ಎಂದು ಕೂಗುವಾಗ ‘ಅಮ್ಮಾ’ ಎಂಬುದನ್ನು ಮುಂದಿನ ಮಾತಿನೊಡನೆ ಬೆಸೆದರೆ ಕರೆಯೇ ಕರಗಿಹೋಗುತ್ತದೆ. ಈ ಬಿಡುವಿಗೆ ವ್ಯಾಕರಣದಲ್ಲಿ ಪ್ರಕೃತಿಭಾವವೆಂದು ಹೆಸರು.

ಬರೆಹದಲ್ಲಿ ಪದಪದಗಳ ನಡುವೆ ಎಡೆ ಬಿಡುವ ಪದ್ಧತಿಯು ಬಹಳ ಹಳೆಯದಲ್ಲ. ನಮ್ಮ ಹಳೆಯ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಅಕ್ಷರಗಳು ಬಿಡುವಿಲ್ಲದೆ ಸಾಗುತ್ತವೆ. ಪದವನ್ನು ಬಿಡಿಸುವ ಹೊಣೆ ಓದುವವನದು. ಲ್ಯಾಟಿನ್ ಬರೆಹದಲ್ಲಿಯೂ ಬಹುಕಾಲ ಹೀಗೆಯೇ ಇದ್ದು, ಏಳು ಎಂಟನೆಯ ಶತಮಾನಗಳಲ್ಲಿ, ಲ್ಯಾಟಿನ್ ಮನೆಮಾತಲ್ಲದ ಐರ್ಲೆಂಡಿನ ಲಿಪಿಕಾರರು ಎಡೆ ಬಿಡುವುದನ್ನು ರೂಢಿಗೆ ತಂದರು. ಆದರೂ ಓಲೆಯಲ್ಲಿ ಒಂದು ಎಡೆಯನ್ನು ಲಿಪಿಕಾರನು ತಪ್ಪದೆ ಬಿಡುತ್ತಿದ್ದನು: ದಾರ ಪೋಣಿಸುವ ರಂಧ್ರದ ಸುತ್ತಣ ಜಾಗ. ಬರೆಯದೆ ಬಿಟ್ಟ ಆ ಜಾಗದಿಂದಲೇ ಬರೆದ ಗರಿಗಳೆಲ್ಲ ಒಂದು ಗ್ರಂಥವಾಗಿ ನಿಲ್ಲುತ್ತಿದ್ದುವು. ಮುಂದೆ ಅಚ್ಚುಕೂಟ ಬಂದಾಗ ಎಡೆಗೂ ಒಂದು ಸೀಸದ ಮೊಳೆಯೇ ಬೇಕಾಯಿತು. ಅಕ್ಷರದ ಮೊಳೆಗಿಂತ ಕುಳ್ಳಾದ ಅದಕ್ಕೆ ಮಸಿ ತಗಲುತ್ತಿರಲಿಲ್ಲ; ಅದಿಲ್ಲದೆ ಸಾಲೂ ನಿಲ್ಲುತ್ತಿರಲಿಲ್ಲ. ಈಗಿನ ಗಣಕಯಂತ್ರದಲ್ಲಿಯೂ ಎಡೆಯು ಅಕ್ಷರಗಳ ಪಟ್ಟಿಯಲ್ಲಿಯೇ ಸೇರಿದೆ. ಅದರ ಸಂಖ್ಯೆ ೩೨.

ಎಡೆ ತಪ್ಪಿದರೆ ಆಗುವ ಅನರ್ಥಕ್ಕೆ ದೂರ ಹೋಗಬೇಕಾಗಿಲ್ಲ. ‘ರೈಲು ಬಂದಾಗಿದೆ’ ಎಂದು ಯಾರೋ ಕೂಗಿದರೆನ್ನಿ. ಬಂದು ಆಗಿದೆಯೆಂದಾದರೆ ಓಡಬೇಕು. ಬಂದ್ ಆಗಿದೆಯೆಂದಾದರೆ ಮನೆಗೆ ಮರಳಬೇಕು. ಕಿವಿಗೆ ಬಿದ್ದ ಧ್ವನಿ ಒಂದೇ. ಅರ್ಥಗಳು ಒಂದಕ್ಕೊಂದು ಬೆನ್ನು ಮಾಡಿ ನಿಂತಿವೆ. ‘ಹಳೆಯ ಪುಸ್ತಕದ ಅಂಗಡಿ’ ಎಂದರೆ ಹಳೆಯದು ಪುಸ್ತಕವೋ ಅಂಗಡಿಯೋ? ಹೇಳುವವನು ಎಲ್ಲಿ ತುಸು ತಡೆಯುತ್ತಾನೆಂಬುದನ್ನು ಕೇಳಿಯೇ ನಾವು ತಿಳಿಯುತ್ತೇವೆ. ಮುಖವನ್ನೂ ಕೈಯನ್ನೂ ಕಾಣದೆ ಧ್ವನಿಯನ್ನಷ್ಟೇ ಕೇಳುವ ಶ್ರೋತೃಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಉಸಿರು ಬಿಡದೆ ಓದುವವರ ಮಾತು ಕಿವಿಯನ್ನು ತುಂಬುತ್ತದೆ, ಮನಸ್ಸನ್ನು ಮುಟ್ಟುವುದಿಲ್ಲ. ಅತಿಯಾಗಿ ನಿಲ್ಲಿಸಿದರೆ ವಾಕ್ಯವು ಚೂರಾಗುತ್ತದೆ.

ಇಷ್ಟನ್ನೂ ಕೂಡಿಸಿ ನೋಡಿದರೆ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಎಡೆಗೆ ಅಳತೆಯುಂಟು, ನೆತ್ತಿಯ ಎಡೆ ಬೇಗ ಮುಚ್ಚಿದರೂ ತಪ್ಪು, ಎದೆಯ ಎಡೆ ಅಗಲವಾದರೂ ತಪ್ಪು. ಎಡೆಗೆ ಕೆಲಸವುಂಟು, ಕೀಲಿನ ಆಹಾರ, ಉಕ್ಕಿನ ಬಿಗಿ, ಮಾತಿನ ಅರ್ಥ ಅಲ್ಲಿಯೇ ಸಿದ್ಧವಾಗುತ್ತವೆ. ಎಡೆಯನ್ನು ಕಾಯಬೇಕಾದದ್ದೂ ಉಂಟು. ನರದ ಸಂದು ತೆರವಾಗದಿದ್ದರೆ ಪ್ರಾಣಕ್ಕೇ ಅಪಾಯ. ಕೂಡಿದ ಜಾಗವನ್ನೂ ಬಿಟ್ಟ ಜಾಗವನ್ನೂ ಒಂದೇ ಮಾತಿನಿಂದ ಕರೆದ ನಮ್ಮ ಹಿರಿಯರಿಗೆ ನರಕೋಶವಾಗಲಿ ಪರಮಾಣುವಾಗಲಿ ತಿಳಿದಿರಲಿಲ್ಲ. ಆದರೂ ಬಾಗಿಲು ತಿರುಗುವುದು, ಮಂಡಿ ಮಡಿಸುವುದು, ಮಾತು ಕೂಡುವುದು ಇವುಗಳನ್ನು ದಿನವೂ ಕಂಡು ಅವರು ಇಟ್ಟ ಹೆಸರನ್ನು ಈಗಿನ ವಿಜ್ಞಾನವು ಅಲ್ಲಗಳೆದಿಲ್ಲ. ಮುಂದೆ ‘ಅಲ್ಲಿ ಏನೂ ಇಲ್ಲ’ ಎಂದು ಹೇಳಹೊರಡುವಾಗ ನಾವು ಒಂದು ಕ್ಷಣ ತಡೆದು, ಅಲ್ಲಿ ಏನು ನಡೆಯುತ್ತಿದೆಯೆಂದು ವಿಚಾರಿಸುವುದು ಒಳ್ಳೆಯದು.